ನೆಲ್ಲು ಗದ್ದೆಯ ಸೊಳ್ಳೆ ಮತ್ತು ಜಿಗಿಹುಳ



ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಮ್ಮ ಮಾನ್ವಿ ತಾಲೂಕಿಗೆ ಬರುತ್ತದೆ. ನೀರಿನಿಂದ ನೆಲ್ಲು ಬಂತು. ನೆಲ್ಲಿನ ಸಂಗಡ ಸೊಳ್ಳೆ ಮತ್ತು ಕಂದು ಜಿಗಿಹುಳ ಹೆಚ್ಚಾದವು. ಇವೆರಡನ್ನೂ ಕಡಿಮೆ ಮಾಡುವ ಒಂದು ಉಪಾಯ ಇಲ್ಲಿದೆ.

ಸೊಳ್ಳೆ ಹುಟ್ಟುವುದು ಹೇಗೆ?
ಸೊಳ್ಳೆ ನಿಂತ ನೀರಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಲಾರ್ವಾ, ಪ್ಯೂಪಾ ಆಗಿ ಹಾರಲು ಸುಮಾರು 7ರಿಂದ 10 ದಿನ ಬೇಕು. ಅಷ್ಟರೊಳಗೆ ನೀರು ಇಂಗಿದರೆ ಮರಿಗಳು ಸಾಯುತ್ತವೆ. ಗದ್ದೆಯ ಕ್ಯೂಲೆಕ್ಸ್ ಸೊಳ್ಳೆಯಿಂದ ಮೆದುಳು ಜ್ವರ ಬರುತ್ತದೆ. ಅದರ ರೋಗಾಣು ಹಂದಿ, ಕೊಕ್ಕರೆಗಳಲ್ಲಿ ಬೆಳೆದು ಸೊಳ್ಳೆಯಿಂದ ನಮಗೆ ತಗಲುತ್ತದೆ. ಹೆಚ್ಚಾಗಿ 15 ವರ್ಷದೊಳಗಿನವರಿಗೆ, ಅಂದರೆ ನಮಗೇ! ಇದಕ್ಕೆ ಲಸಿಕೆ ಇದೆ, ತಪ್ಪಿಸಬಾರದು.

ಎಣ್ಣೆ ಹೊಡೆದರೆ ಸಾಲದೇ?
ಸಾಲದು. ಜೇಡ ಜಿಗಿಹುಳವನ್ನು ತಿನ್ನುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ನೀರಲ್ಲಿ ಸೊಳ್ಳೆ ಮರಿ ತಿನ್ನುತ್ತದೆ. ಎಣ್ಣೆಗೆ ಈ ಕಾವಲುಗಾರರೂ ಸಾಯುತ್ತಾರೆ. ಅದೇ ಎಣ್ಣೆ ಪದೇ ಪದೇ ಹೊಡೆದರೆ ಹುಳಗಳು ಜಗ್ಗುವುದಿಲ್ಲ.

ಏನು ಮಾಡಬೇಕು?
1. ನಾಟಿಯಾಗಿ ಎರಡು ವಾರದ ಮೇಲೆ ನೀರು ಕಟ್ಟಬೇಕು, ಇಂಗಲು ಬಿಡಬೇಕು, ಮತ್ತೆ ಕಟ್ಟಬೇಕು. ತೂತು ಮಾಡಿದ ಪೈಪ್ ಹೂಳಿದರೆ ನೀರು ಎಷ್ಟು ಇಳಿಯಿತೆಂದು ಕಾಣುತ್ತದೆ. 15 ಸೆಂ.ಮೀ. ಕೆಳಗೆ ಹೋದಾಗ ಮತ್ತೆ ಬಿಡಬೇಕು. ಎರೆ ಭೂಮಿ ದೊಡ್ಡದಾಗಿ ಬಿರಿಯಬಾರದು. ಹೂ ಬಿಡುವಾಗ ನೀರು ಇರಲೇಬೇಕು.
2. ನಾಟಿ ಮಾಡುವಾಗ 2–3 ಮೀಟರಿಗೊಮ್ಮೆ 1 ಅಡಿ ಜಾಗ ಖಾಲಿ ಬಿಡಬೇಕು. ಬುಡಕ್ಕೆ ಗಾಳಿ ಬೆಳಕು ಹೋದರೆ ಜಿಗಿಹುಳ ಕಡಿಮೆ.
3. ಯೂರಿಯಾ ಅತಿಯಾಗಿ ಹಾಕಬಾರದು. ಪೈರು ಮೆತ್ತಗಾಗಿ ಜಿಗಿಹುಳ ಹೆಚ್ಚುತ್ತದೆ.
4. ಬಾವಿ, ತೊಟ್ಟಿಗಳಲ್ಲಿ ಗಪ್ಪಿ ಮೀನು ಬಿಡಬೇಕು.

ಒಂದು ತೊಡಕು
ನಮ್ಮಪ್ಪಗೆ ಇದನ್ನು ಹೇಳಿದೆ. "ನಾ ಒಬ್ಬನ ಇಂಗಿಸಿದ್ರ ಏನ್ ಬಂತು? ಕಾಲುವಿ ನೀರು ಮತ್ತ ಯಾವಾಗ ಬರ್ತದೋ ಯಾರಿಗೆ ಗೊತ್ತು" ಅಂದರು. ಅದೂ ಖರೇನೇ. ಕಾಲುವೆಯ ಕೊನೆಯವರು ನೀರು ಸಿಕ್ಕಾಗ ಕಟ್ಟಿಡುತ್ತಾರೆ. ಅದಕ್ಕೆ ಒಂದು ತೂಬಿನವರೆಲ್ಲ ಕೂಡಿ ಸರದಿ ಹಾಕಬೇಕು. ಮೇಲಿನವರು ಇಂಗಿಸುವ ದಿನ ಕೆಳಗಿನವರಿಗೆ ನೀರು ಸಿಗುತ್ತದೆ. ಸೊಳ್ಳೆಯೂ ಕಡಿಮೆ, ಜಗಳವೂ ಕಡಿಮೆ.

ಮಾಡಿ ನೋಡಿರಿ
ಬಿಳಿ ಬಟ್ಟಲಲ್ಲಿ ನಿಂತ ನೀರು ತೆಗೆಯಿರಿ. ತಲೆ ಕೆಳಗಾಗಿ ತೇಲುತ್ತಾ ಕೊಂಕಿ ಕೊಂಕಿ ಈಜುವ ಹುಳ ಕಂಡರೆ ಅದು ಸೊಳ್ಳೆ ಮರಿ. ಎಣಿಸಿ ಬರೆದಿಡಿರಿ. ಎಣ್ಣೆ ಹೊಡೆದ ಗದ್ದೆಗೆ ಮಾತ್ರ ಇಳಿಯಬೇಡಿರಿ.

– 7ನೇ ತರಗತಿ, ಹಿರೇಕೊಟ್ನೆಕಲ್