ಫುಲ್ ಚಾರ್ಜ್ ಮಾಡಿಟ್ಟ ಡ್ರೋನ್ ಬ್ಯಾಟರಿ ಉಬ್ಬುತ್ತದೆ

ಕಲಬುರಗಿ ಸೀಮೆಯಲ್ಲಿ ತೊಗರಿ ಹೂವಿಗೆ ಬಂತೆಂದರೆ ಕಾಯಿಕೊರಕದ ಔಷಧಿ ಹೊಡೆಯಲು ಡ್ರೋನ್‌ಗಳಿಗೆ ಬಿಡುವಿಲ್ಲ. ರಾಶಿ ಮುಗಿದ ಮೇಲೆ ಅವು ಮೂಲೆ ಸೇರುತ್ತವೆ. ಮುಂಗಾರಿನಲ್ಲಿ ಮತ್ತೆ ಪೆಟ್ಟಿಗೆ ತೆರೆದಾಗ ಅದೇ ದೂರು: ಬ್ಯಾಟರಿ ಊದಿಕೊಂಡಿದೆ, ಡ್ರೋನಿನಲ್ಲಿ ಕೂರುತ್ತಿಲ್ಲ. ಎತ್ತಿಡುವಾಗ ಎಷ್ಟು ವೋಲ್ಟ್ ಇತ್ತು ಎಂದು ಕೇಳಿದರೆ ಬರುವ ಉತ್ತರವೂ ಅದೇ, ‘ಫುಲ್ ಮಾಡಿಯೇ ಇಟ್ಟಿದ್ದೆವಲ್ಲ ಸರ್!’

ಕೆಡಿಸಿದ್ದೇ ಅದು.

ಟ್ರ್ಯಾಕ್ಟರ್ ಬ್ಯಾಟರಿಯನ್ನು ಫುಲ್ ಚಾರ್ಜಿನಲ್ಲಿ ಇಡಬೇಕು, ನಿಜ. ಆ ರೂಢಿಯನ್ನೇ ಡ್ರೋನಿನ ಲಿಥಿಯಂ ಪಾಲಿಮರ್ ಬ್ಯಾಟರಿಗೂ ಹಚ್ಚಿದರೆ, ಬೇಸಿಗೆಯ 42 ಡಿಗ್ರಿ ಬಿಸಿಲಿಗೆ ಕಾದ ತಗಡಿನ ಶೆಡ್ಡಿನಲ್ಲಿ ಒಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ, ಹೊರಹೋಗಲು ದಾರಿಯಿಲ್ಲದೆ ಕವಚ ಉಬ್ಬುತ್ತದೆ. ತತ್ವ ಇಷ್ಟು ಗೊತ್ತಿದ್ದರೆ ಸಾಕು, ಅಳತೆ ತಪ್ಪಬಾರದು.

ಎರಡು-ಮೂರು ದಿನಕ್ಕಿಂತ ಹೆಚ್ಚು ಕಾಲ ಹಾರಿಸದೆ ಇಡುವುದಾದರೆ ಪ್ರತಿ ಸೆಲ್ 3.80ರಿಂದ 3.85 ವೋಲ್ಟಿಗೆ ಇಳಿಯಬೇಕು. 12 ಸೆಲ್ಲಿನ ಬ್ಯಾಟರಿಗೆ ಒಟ್ಟು 46 ವೋಲ್ಟಿನ ಆಸುಪಾಸು. ಫುಲ್ ಎಂದರೆ 50.4. ಚಾರ್ಜರಿನಲ್ಲಿ ಸ್ಟೋರೇಜ್ ಮೋಡ್ ಒತ್ತಿದರೆ ತಾನೇ ಅಲ್ಲಿಗೆ ತಂದು ನಿಲ್ಲಿಸುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೊಂಡವರು ಈ ಒಂದು ಗುಂಡಿ ಒತ್ತಲು ಉದಾಸೀನ ಮಾಡುತ್ತಾರೆಂದರೆ ಏನು ಹೇಳುವುದು? ತಿಂಗಳಿಗೊಮ್ಮೆ ತೆಗೆದು ವೋಲ್ಟ್ ನೋಡಬೇಕು. ಸೆಲ್‌ಗಳ ನಡುವೆ 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಬ್ಯಾಟರಿಯನ್ನು ಹಾರಿಸದೆ ಪರೀಕ್ಷೆಗೆ ಕೊಡಬೇಕು.

ಹಂಗಾಮಿನಲ್ಲೂ ಅವಸರ ಇದ್ದೇ ಇದೆ. ಡ್ರೋನ್ ಇಳಿದದ್ದೇ ತಡ, ಕೈಗೆ ಸುಡುವ ಬ್ಯಾಟರಿಯನ್ನು ಬದುವಿನ ಮೇಲೆ ಜನರೇಟರಿಗೆ ಸಿಕ್ಕಿಸುತ್ತಾರೆ. ಕನಿಷ್ಠ ಅರ್ಧ ಗಂಟೆ ನೆರಳಿನಲ್ಲಿ ಆರಲಿ, ಮುಟ್ಟಿದರೆ ಬೆಚ್ಚಗೂ ಇರಬಾರದು. 16 ಆಂಪಿಯರ್-ಅವರ್ ಬ್ಯಾಟರಿಗೆ 16 ಆಂಪಿಯರ್ ಮೀರದಂತೆ, ಬ್ಯಾಲೆನ್ಸ್ ಮೋಡಿನಲ್ಲೇ ಚಾರ್ಜ್ ಮಾಡಬೇಕು. ತಯಾರಕರು ಇನ್ನೂ ಕಡಿಮೆ ಹೇಳಿದ್ದರೆ ಅಷ್ಟೇ. ಹಾರಾಟದಲ್ಲಿ ಸೆಲ್ 3.6 ವೋಲ್ಟ್ ಮುಟ್ಟುತ್ತಿದ್ದಂತೆ ಇಳಿಸಬೇಕು. ‘ಇನ್ನೊಂದು ಸಾಲು’ ಎಂಬ ಆಸೆಗೆ ಬ್ಯಾಟರಿಯನ್ನು ಬರಿದು ಮಾಡಿದರೂ ಅದು ಊದುತ್ತದೆ. ಔಷಧಿಯ ಹನಿ ಕನೆಕ್ಟರಿನ ತಾಮ್ರವನ್ನು ತಿನ್ನುತ್ತದೆ, ದಿನವೂ ಒಣಬಟ್ಟೆಯಲ್ಲಿ ಒರೆಸಿ.

ಸಬ್ಸಿಡಿಯಲ್ಲಿ ಬಂದ ಡ್ರೋನ್ ತಾನೇ ಎಂಬ ಉಡಾಫೆ ಬೇಡ. ಹೊಸ ಬ್ಯಾಟರಿಗೆ ಯೋಜನೆಯನ್ನು ನಂಬಿ ಕೂತರೆ ಹಂಗಾಮು ಕಾಯುವುದಿಲ್ಲ.

ಉಬ್ಬಿದ ಬ್ಯಾಟರಿಯ ಮೇಲೆ ಕಲ್ಲು ಹೇರುವುದು, ಸೂಜಿಯಿಂದ ಗಾಳಿ ತೆಗೆಯುವುದು ಶುದ್ಧ ಹುಚ್ಚುತನ. ಚುಚ್ಚಿದರೆ ಬೆಂಕಿಯೇ. ತಣ್ಣಗಾದಾಗ ತುಸು ಇಳಿದಂತೆ ಕಂಡರೂ ಅದನ್ನು ಮತ್ತೆ ಚಾರ್ಜಿಗೆ ಹಾಕಬಾರದು, ಹಾರಿಸಬಾರದು. ಒಣಮರಳು ತುಂಬಿದ ಕಬ್ಬಿಣದ ಡಬ್ಬಿಯಲ್ಲಿಟ್ಟು ಮನೆ, ಬಣವೆ, ಔಷಧಿ ಕೋಣೆಗಳಿಂದ ದೂರ ಇಡಿ. ಹೊಗೆ ಕಂಡರೆ ಹತ್ತಿರ ಹೋಗಬೇಡಿ, ಅದು ವಿಷ. ಸುತ್ತಲಿನವರನ್ನು ದೂರ ಸರಿಸಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಹಾಳಾದ ಬ್ಯಾಟರಿ ಗುಜರಿಗೆ ಹೋಗಬಾರದು. ಹಳೆಯ ಬ್ಯಾಟರಿಗಳನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರಿಗೆ ಹೊರಿಸಿವೆ. ಮಾರಿದವರಿಗೆ ಫೋನ್ ಮಾಡಿ, ಒಪ್ಪಿಸಿ, ರಸೀದಿ ಪಡೆಯಿರಿ.