ಕಿಲ್ವಾದ ನಾಣ್ಯ ಹೇಳುವ ಪಾಠ: ಪುರಾತತ್ವಜ್ಞರು ಕೈಜೋಡಿಸಿದ ಬಗೆ



ಜಿಂಬಾಬ್ವೆ ದೇಶದಲ್ಲಿ ‘ಗ್ರೇಟ್ ಜಿಂಬಾಬ್ವೆ’ ಎಂಬ ಹಾಳುಬಿದ್ದ ನಗರವಿದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಅದರ ಗೋಡೆಗಳು ಕೆಲವೆಡೆ 11 ಮೀಟರ್ ಎತ್ತರ ಇವೆ. ಕಡಲಿನಿಂದ ದೂರವಿರುವ ಈ ಊರಿನಲ್ಲಿ ಒಂದು ತಾಮ್ರದ ನಾಣ್ಯ ಸಿಕ್ಕಿತು. ಅದು ಇಂದಿನ ತಾಂಜಾನಿಯಾದ ಕಿಲ್ವಾ ದ್ವೀಪದ ಸುಲ್ತಾನ ಅಲ್-ಹಸನ್ ಬಿನ್ ಸುಲೈಮಾನನದು. ಎರಡೂ ಊರುಗಳ ನಡುವಿನ ದೂರ ಸುಮಾರು 1,500 ಕಿ.ಮೀ.

ಇತಿಹಾಸದ ತರಗತಿಯಲ್ಲಿ ನಾನು ಈ ನಾಣ್ಯದ ಮಾತು ಆಗಾಗ ಎತ್ತುತ್ತೇನೆ. ಕಾರಣ ಸರಳ. ಒಳನಾಡಿನಲ್ಲಿ ಅಗೆಯುವವರಿಗೆ ಕಲ್ಲುಗೋಡೆಯ ಪರಿಚಯ ಇರುತ್ತದೆ, ಕಿಲ್ವಾದ ಟಂಕಸಾಲೆಯ ಪರಿಚಯ ಇರಬೇಕೆಂದಿಲ್ಲ. ಕರಾವಳಿಯಲ್ಲಿ ಅಗೆಯುವವರಿಗೆ ನಾಣ್ಯ ಗೊತ್ತು, ಅದು ಎಲ್ಲಿಯವರೆಗೆ ಹೋಗಿತ್ತೆಂದು ಗೊತ್ತಿಲ್ಲ. ಇಬ್ಬರೂ ಮಾತಾಡಿಕೊಂಡಾಗ ಮಾತ್ರ ಚಿನ್ನದ ವ್ಯಾಪಾರದ ಹಳೆಯ ದಾರಿ ಕಣ್ಣಿಗೆ ಕಾಣುತ್ತದೆ.

ಒಬ್ಬೊಬ್ಬರೇ ಅಗೆದಾಗ ಏನಾಯಿತು?

1871ರಲ್ಲಿ ಜರ್ಮನಿಯ ಕಾರ್ಲ್ ಮೌಖ್ ಈ ಗೋಡೆಗಳನ್ನು ನೋಡಿ, ಇವು ಸಬಾದ ರಾಣಿಗೆ ಸಂಬಂಧಿಸಿದವು ಎಂದ. ಆಫ್ರಿಕನ್ನರು ಇಷ್ಟು ದೊಡ್ಡದನ್ನು ಕಟ್ಟಿದ್ದಾರೆಂದು ಒಪ್ಪಲು ಅವನ ಕಾಲದ ಯುರೋಪಿಯನ್ನರಿಗೆ ಮನಸ್ಸಿರಲಿಲ್ಲ. ಮುಂದೆ ಬಂದ ರಿಚರ್ಡ್ ಹಾಲ್ ‘ಕಸ ತೆಗೆಯುತ್ತೇನೆ’ ಎಂದು ಆಫ್ರಿಕನ್ನರು ಬಾಳಿದ ಮಣ್ಣಿನ ಪದರಗಳನ್ನೇ ಅಗೆದು ಹೊರಗೆಸೆದ. ಒಮ್ಮೆ ಕಲಕಿದ ಪದರ ಮತ್ತೆ ಸಿಗುವುದಿಲ್ಲ.

1905ರಲ್ಲಿ ರ್‍ಯಾಂಡಲ್-ಮ್ಯಾಕ್‌ಐವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಇಬ್ಬರೂ ಅಗೆದು ನೋಡಿ, ಇದನ್ನು ಕಟ್ಟಿದವರು ಆಫ್ರಿಕನ್ನರೇ ಎಂದು ತೋರಿಸಿದರು. ಆದರೂ ರೊಡೇಷಿಯಾದ ಬಿಳಿಯರ ಸರ್ಕಾರಕ್ಕೆ ಆ ಸತ್ಯ ಹಿಡಿಸಲಿಲ್ಲ. ಅಲ್ಲಿ ಸ್ಮಾರಕಗಳ ಅಧಿಕಾರಿಯಾಗಿದ್ದ ಪೀಟರ್ ಗಾರ್ಲೇಕ್ ಇದೇ ವಿಷಯದ ಒತ್ತಡದಿಂದ 1970ರಲ್ಲಿ ದೇಶ ಬಿಡಬೇಕಾಯಿತು. ಸಾಕ್ಷ್ಯವನ್ನು ಒಬ್ಬನ ಬಾಯಲ್ಲಿ ಅಡಗಿಸುವುದು ಸುಲಭ. ಹತ್ತು ದೇಶಗಳ ಜನ ಅದನ್ನು ಕಂಡು, ಅಳೆದು, ಬರೆದಿಟ್ಟರೆ ಅಡಗಿಸುವುದು ಕಷ್ಟ.

ಜಾಲ ಬೆಳೆದದ್ದು ಹೇಗೆ?

ಮೊದಲನೆಯ ಹೆಜ್ಜೆ, ಒಂದೆಡೆ ಸೇರುವುದು. 1947ರಲ್ಲಿ ಲೂಯಿಸ್ ಲೀಕಿ ನೈರೋಬಿಯಲ್ಲಿ ಅಖಿಲ ಆಫ್ರಿಕಾ ಪ್ರಾಗಿತಿಹಾಸ ಸಮ್ಮೇಳನ ಕರೆದರು. ಬೇರೆ ಬೇರೆ ವಸಾಹತುಗಳಲ್ಲಿ ದುಡಿಯುತ್ತಿದ್ದವರು ಒಂದೇ ಮೇಜಿನ ಮೇಲೆ ತಮ್ಮ ಕಲ್ಲಿನ ಉಪಕರಣಗಳನ್ನಿಟ್ಟು ಹೋಲಿಸಿದರು. ಎರಡನೆಯ ಸಮ್ಮೇಳನ ದಕ್ಷಿಣ ಆಫ್ರಿಕಾದಲ್ಲಿ ನಡೆಯಬೇಕಿತ್ತು. ಅಲ್ಲಿನ ಸರ್ಕಾರ ಹಿಂದೆ ಸರಿದದ್ದರಿಂದ 1952ರಲ್ಲಿ ಅಲ್ಜೀರ್ಸ್‌ನಲ್ಲಿ ನಡೆಯಿತು. ರಾಜಕೀಯ ಅಡ್ಡ ಬಂದರೂ ಕೊಂಡಿ ಕಡಿಯಲಿಲ್ಲ.

ಎರಡನೆಯದು, ಸುದ್ದಿ ಹಂಚಿಕೊಳ್ಳುವುದು. 1972ರಲ್ಲಿ ಕೆನಡಾದ ಕ್ಯಾಲ್ಗರಿಯಿಂದ ಪೀಟರ್ ಶಿನ್ನಿ ‘ನ್ಯಾಮೆ ಅಕುಮಾ’ ಎಂಬ ಸಣ್ಣ ವಾರ್ತಾಪತ್ರ ಹೊರಡಿಸತೊಡಗಿದರು. ಘಾನಾದ ಅಕಾನ್ ಜನರ ನುಡಿಯಲ್ಲಿ ಅದಕ್ಕೆ ‘ದೇವರ ಕೊಡಲಿಗಳು’ ಎಂದರ್ಥ. ನೆಲದಲ್ಲಿ ಸಿಗುವ ಹಳೆಯ ಕಲ್ಕೊಡಲಿಗಳನ್ನು ಅಲ್ಲಿನವರು ಕರೆಯುವುದು ಹಾಗೆ. ದೊಡ್ಡ ಪುಸ್ತಕ ಬರುವ ತನಕ ಕಾಯದೆ, ಈ ವರ್ಷ ಎಲ್ಲಿ ಅಗೆದೆವು, ಏನು ಸಿಕ್ಕಿತು ಎಂದು ಅದರಲ್ಲಿ ಚುಟುಕಾಗಿ ಬರೆದರು. ನಮ್ಮ ಈ ಕಾಲೇಜು ಪತ್ರಿಕೆಯಂಥ ಕೆಲವೇ ಪುಟಗಳು ಎಷ್ಟು ಕೆಲಸ ಮಾಡಬಲ್ಲವು ನೋಡಿ!

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನೆಲದ ಮಕ್ಕಳಿಗೆ ವಿದ್ಯೆ ಕೊಡುವುದು. 1980ರ ದಶಕದಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಪಾಲ್ ಸಿಂಕ್ಲೇರ್ ಮುಂದಾಳತ್ವದಲ್ಲಿ ಪೂರ್ವ ಆಫ್ರಿಕಾದ ನಗರಗಳ ಹುಟ್ಟು ಅರಿಯುವ ಯೋಜನೆ ಶುರುವಾಯಿತು. ಕೀನ್ಯಾ, ತಾಂಜಾನಿಯಾ, ಮೊಜಾಂಬಿಕ್, ಜಿಂಬಾಬ್ವೆ ಮುಂತಾದ ದೇಶಗಳು ಜೊತೆಗೂಡಿದವು. ಹೊರಗಿನವರು ಬಂದು ಅಗೆದು, ಹೊತ್ತುಕೊಂಡು ಹೋಗುವ ಹಳೆಯ ಪದ್ಧತಿ ಇಲ್ಲಿ ಬದಲಾಯಿತು. ತಾಂಜಾನಿಯಾದ ಫೆಲಿಕ್ಸ್ ಚಾಮಿ, ಜಿಂಬಾಬ್ವೆಯ ಗಿಲ್ಬರ್ಟ್ ಪ್ವಿಟಿ ಉಪ್ಸಲಾದಲ್ಲಿ ಡಾಕ್ಟರೇಟ್ ಪಡೆದು, ತಮ್ಮ ನಾಡಿನ ಇತಿಹಾಸವನ್ನು ತಾವೇ ಬರೆದರು.

ಇದರಿಂದ ಸಿಕ್ಕ ಫಲ

ಸ್ವಾಹಿಲಿ ಕರಾವಳಿಯ ಊರುಗಳನ್ನು ಅರಬರು, ಪರ್ಷಿಯನ್ನರು ಬಂದು ಕಟ್ಟಿದ ವಸಾಹತುಗಳೆಂದು ಹಿಂದೆ ಬರೆಯುತ್ತಿದ್ದರು. ಕೀನ್ಯಾದ ಶಾಂಗಾದಲ್ಲಿ ಮಾರ್ಕ್ ಹಾರ್ಟನ್ ಅಗೆದಾಗ, ಕಲ್ಲಿನ ಮಸೀದಿಯ ಕೆಳಗೆ ಮರದ ಸಣ್ಣ ಮಸೀದಿಗಳ ಗುರುತು ಸಿಕ್ಕಿತು. ಅವುಗಳಲ್ಲಿ ಹಳೆಯದು 8ನೇ ಶತಮಾನದ್ದು. ಚಾಮಿ ಕರಾವಳಿಯ ಮಡಕೆ ಚೂರುಗಳನ್ನು ಒಳನಾಡಿನವುಗಳ ಜೊತೆ ಹೋಲಿಸಿ, ಇಲ್ಲಿನ ಬೇರು ಆಫ್ರಿಕಾದ್ದೇ ಎಂದು ವಾದಿಸಿದರು. 2023ರಲ್ಲಿ 80 ಜನರ ಪ್ರಾಚೀನ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಅನೇಕರ ತಾಯಿಯ ಕಡೆಯ ಮೂಲ ಹೆಚ್ಚಾಗಿ ಆಫ್ರಿಕಾದ್ದು, ತಂದೆಯ ಕಡೆಯದು ಹೆಚ್ಚಾಗಿ ಪರ್ಷಿಯಾದ್ದು, ಸ್ವಲ್ಪ ಪಾಲು ಭಾರತದ್ದೂ ಇತ್ತು. ಅಂದರೆ ಯಾರೋ ಬಂದು ಗೆದ್ದ ಕತೆ ಇದಲ್ಲ, ಬಂದವರೂ ಇದ್ದವರೂ ಒಂದೇ ಮನೆಯವರಾದ ಕತೆ.

ನಮಗೂ ಈ ಕಡಲಿನ ನಂಟಿದೆ. 1331ರಲ್ಲಿ ಕಿಲ್ವಾಕ್ಕೆ ಹೋಗಿ ಅದೇ ಸುಲ್ತಾನ ಅಲ್-ಹಸನನ ಆಳ್ವಿಕೆಯನ್ನು ಕಂಡ ಇಬ್ನ್ ಬತೂತಾ, ಮುಂದೆ ನಮ್ಮ ಹೊನ್ನಾವರ, ಮಂಗಳೂರಿಗೂ ಬಂದ. ಆಫ್ರಿಕಾದ ಅಗೆತಗಳಲ್ಲಿ ಭಾರತದ ಗಾಜಿನ ಮಣಿಗಳು ಸಿಕ್ಕಿವೆ. ಅವುಗಳನ್ನು ಗುರುತಿಸಲು ನಮ್ಮ ಕಡೆಯವರ ನೆರವೂ ಬೇಕು.

ನೆನಪಿಡಬೇಕಾದದ್ದು

1. ಸಿಕ್ಕ ವಸ್ತುವಿಗಿಂತ ಅದು ಸಿಕ್ಕ ಜಾಗ, ಪದರದ ದಾಖಲೆ ಹೆಚ್ಚು ಬೆಲೆಯುಳ್ಳದ್ದು.
2. ಮಾಹಿತಿ ಬಚ್ಚಿಟ್ಟರೆ ಬೆಳೆಯುವುದಿಲ್ಲ. ಹಂಚಿದರೆ ತಪ್ಪೂ ತಿದ್ದಲ್ಪಡುತ್ತದೆ.
3. ಇನ್ನೊಬ್ಬರ ನೆಲವನ್ನು ಓದುವವರು ಆ ನೆಲದವರನ್ನು ಕೂಲಿಗಳಂತಲ್ಲ, ಜೊತೆಗಾರರಂತೆ ಕಾಣಬೇಕು.

ನಿಮಗೊಂದು ಕೆಲಸ: ಬೇರೆ ಬೇರೆ ಊರಿನ ಮೂವರು ಸೇರಿ ತಂಡ ಮಾಡಿಕೊಳ್ಳಿ. ನಿಮ್ಮ ಊರಿನ ಹಳೆಯ ಮಸೀದಿ, ಗುಡಿ, ಕೋಟೆ, ಬಾವಿ, ವೀರಗಲ್ಲು ಯಾವುದಾದರೂ ಒಂದನ್ನು ಅಳೆದು, ಚಿತ್ರ ಬರೆದು, ಹಿರಿಯರು ಹೇಳಿದ್ದನ್ನು ಗುರುತು ಹಾಕಿಕೊಳ್ಳಿ. ಯಾವ ಕಲ್ಲನ್ನೂ ಅದರ ಜಾಗದಿಂದ ಕದಲಿಸಬೇಡಿ. ಆಮೇಲೆ ಮೂವರೂ ಟಿಪ್ಪಣಿ ಅದಲು ಬದಲು ಮಾಡಿ ಓದಿ. ನಿಮ್ಮ ಊರಿನ ಬಗ್ಗೆ ನಿಮಗೆ ಹೊಳೆಯದ ಒಂದು ಪ್ರಶ್ನೆಯನ್ನು ಪಕ್ಕದ ಊರಿನವರು ಕೇಳುತ್ತಾರೆ. ಆ ಪ್ರಶ್ನೆಯನ್ನು ಬರೆದು ನನಗೆ ತಂದುಕೊಡಿ.