ಹಳೆಯ ಕೇಪಿನ ಬಂದೂಕನ್ನು ಮಾಡಿದವರು ಯಾರು? ಪತ್ತೆಗೆ ಇಳಿಯುವ ಮುನ್ನ ಮಾಡಬೇಕಾದ್ದು, ಮಾಡಬಾರದ್ದು

ಕಲಬುರಗಿ ನಗರ ಮತ್ತು ಕಮಲಾಪುರ ತಾಲೂಕಿನ ಮನೆತನಗಳ ಗಮನಕ್ಕೆ

ವಾಡೆಯ ಅಟ್ಟದಲ್ಲಿ, ದೇವರ ಮನೆಯ ಮೂಲೆಯಲ್ಲಿ, ಎಂದೋ ಮುಚ್ಚಿದ ಹಗೇವಿನಲ್ಲಿ ಮುತ್ತಜ್ಜನ ಕಾಲದ ಬಂದೂಕು ಸಿಕ್ಕರೆ ಮನೆಯವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದನ್ನು ಮಾಡಿದವರು ಯಾರು? ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಉತ್ತರ ಇರುವುದು ಲೋಹದ ಮೇಲೆ ಬಡಿದ ಸಣ್ಣ ಗುರುತುಗಳಲ್ಲಿ. ಅವನ್ನು ಒಮ್ಮೆ ಉಜ್ಜಿ ಅಳಿಸಿದರೆ ಮತ್ತೆ ತರಲು ಯಾರಿಂದಲೂ ಆಗದು.

ಒಂದೇ ಆಯುಧದ ಮೇಲೆ ನಾಲ್ಕು ಬಗೆಯ ಹೆಸರು ಇರಬಹುದು: ಮಾಡಿದವರದು, ಪರೀಕ್ಷೆ ಮಾಡಿದವರದು, ಮಾರಿದವರದು, ಇಟ್ಟುಕೊಂಡವರದು. ವಿಜಯಪುರದ ಮಲಿಕ್-ಎ-ಮೈದಾನ ತೋಪನ್ನೇ ನೋಡಿ. 1549ರಲ್ಲಿ ಅಹಮದನಗರದಲ್ಲಿ ಅದನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಅವನ ಹೆಸರು ತೋಪಿನ ಮೈಮೇಲೇ ಇರುವುದರಿಂದ ಇಂದಿಗೂ ನಮಗೆ ಗೊತ್ತು. ಅದೇ ತೋಪಿನ ಮೇಲೆ ವಿಜಯಪುರ ಗೆದ್ದ ಔರಂಗಜೇಬನ ಬರಹವೂ ಇದೆ. ಅದನ್ನಷ್ಟೇ ಓದಿದವನು ತೋಪು ಔರಂಗಜೇಬ ಮಾಡಿಸಿದ್ದು ಎಂದುಕೊಂಡಾನು. ಮನೆಯ ಬಂದೂಕಿನ ವಿಷಯದಲ್ಲಿ ಈ ತಪ್ಪು ಆಗಬಾರದು. ಅದಕ್ಕಾಗಿ ಕೆಳಗಿನ ನಿಯಮಗಳು.

ಒಂದು: ಕೈಗೆತ್ತಿಕೊಳ್ಳುವ ಮೊದಲು

ಮಾಡಬೇಕಾದ್ದು

1. ಬಂದೂಕಿನಲ್ಲಿ ಮದ್ದು ಗುಂಡು ತುಂಬಿದೆ ಎಂದೇ ತಿಳಿಯಿರಿ. ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ತುಂಬಿಟ್ಟು ಹಾಗೇ ಮರೆತಿರುವುದುಂಟು. ತೇವ ತಾಗದ ಕರಿಮದ್ದು ನೂರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ.
2. ನಳಿಗೆಯ ಬಾಯಿ ಜನರತ್ತ ತಿರುಗದ ಹಾಗೆ, ಒಲೆ ಮತ್ತು ದೀಪದಿಂದ ದೂರ ಇಡಿ. ಮಕ್ಕಳ ಕೈಗೆ ಸಿಗದಂತೆ ಕೋಣೆಗೆ ಬೀಗ ಹಾಕಿ.
3. ಒಳಗೆ ಮದ್ದು ಇದೆಯೋ ಇಲ್ಲವೋ ಎಂಬುದನ್ನು ಪೊಲೀಸ್ ಇಲಾಖೆಯ ಆರ್ಮರರ್ ಅಥವಾ ಪರವಾನಗಿ ಇರುವ ಬಂದೂಕು ವ್ಯಾಪಾರಿಯಿಂದಲೇ ನೋಡಿಸಿ.

ಮಾಡಬಾರದ್ದು

1. ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯನ್ನು, ಎಳೆದು ನೋಡಬಾರದು. ಟ್ರಿಗರ್ ಮುಟ್ಟಬಾರದು.
2. ನಳಿಗೆಗೆ ಬಾಯಿಟ್ಟು ಊದಬಾರದು. ಕಬ್ಬಿಣದ ಗಜ ಹಾಕಿ ಕೆದಕಬಾರದು. ಬೆಂಕಿಗೆ ಕಾಯಿಸಬಾರದು.
3. ಜತೆಗೆ ಕೇಪುಗಳ ಡಬ್ಬಿ ಸಿಕ್ಕರೆ ಅಲುಗಾಡಿಸಬಾರದು. ಆ ಪುಟ್ಟ ತಾಮ್ರದ ಟೋಪಿಯೊಳಗಿನ ಮದ್ದು ಪೆಟ್ಟಿಗೇ ಸಿಡಿಯುವಂಥದ್ದು.

ಎರಡು: ಕಾಗದಪತ್ರ

ಮಾಡಬೇಕಾದ್ದು

1. ಪರವಾನಗಿ ಇದೆಯೇ ಎಂದು ಮನೆಯ ಹಳೆಯ ಕಾಗದಗಳಲ್ಲಿ ಹುಡುಕಿ. ಇರದಿದ್ದರೆ, ಅಥವಾ ಪರವಾನಗಿದಾರರು ತೀರಿಕೊಂಡಿದ್ದರೆ, ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯ ಬಳಿ ಜಮಾ ಮಾಡಿ ರಸೀದಿ ಪಡೆಯಿರಿ.
2. ನಗರದವರಿಗೆ ಪರವಾನಗಿ ಅಧಿಕಾರ ಪೊಲೀಸ್ ಆಯುಕ್ತರದು. ಕಮಲಾಪುರದವರಿಗೆ ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳದು. ಅರ್ಜಿ ಸರಿಯಾದ ಕಚೇರಿಗೇ ಹೋಗಲಿ.
3. ಹೊಲದಲ್ಲಿ ಅಥವಾ ಪಾಯ ತೋಡುವಾಗ ನೆಲದೊಳಗಿಂದ ಸಿಕ್ಕಿದ್ದಾದರೆ ಅದನ್ನೂ ಹಾಗೆಯೇ ತಿಳಿಸಿ. 1962ರ ಕರ್ನಾಟಕ ನಿಧಿ ಕಾಯ್ದೆ ಇರುವುದು ಇಂಥ ಸಂದರ್ಭಕ್ಕೇ.

ಮಾಡಬಾರದ್ದು

1. “ಹಳೆಯದು, ಇದಕ್ಕೆ ಲೈಸೆನ್ಸ್ ಬೇಡ” ಎಂಬ ಮಾತು ನಂಬಬಾರದು. 1959ರ ಆಯುಧ ಕಾಯ್ದೆಯ 45ನೆಯ ಕಲಮು ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧಕ್ಕೆ ಮಾತ್ರ. ಅದನ್ನು ತೀರ್ಮಾನಿಸಬೇಕಾದವರು ಅಧಿಕಾರಿಗಳು, ನೀವಲ್ಲ.
2. ವಿನಾಯಿತಿ ಸಿಗಲೆಂದು ನಳಿಗೆಗೆ ತೂತು ಕೊರೆಸುವುದು, ಬೆಸುಗೆ ಹಾಕಿಸುವುದು ಮಾಡಬಾರದು. ಕಾನೂನಿಗೂ ತಪ್ಪು, ಗುರುತಿಗೂ ಕೇಡು.

ಮೂರು: ಗುರುತು ಓದುವುದು

ಮದ್ದು ಇಲ್ಲವೆಂದು ಖಾತ್ರಿಯಾಗಿ, ಕಾಗದಪತ್ರ ಸರಿಯಾದ ಮೇಲಷ್ಟೇ ಈ ಕೆಲಸ.

ಮಾಡಬೇಕಾದ್ದು

1. ಮೊದಲು ಫೋಟೊ. ಬೆಳಕು ಮೇಲಿನಿಂದ ಬೀಳದೆ ಬದಿಯಿಂದ ಓರೆಯಾಗಿ ಬೀಳಲಿ. ಸವೆದ ಅಕ್ಷರಗಳ ಅಂಚು ಆಗ ಎದ್ದು ಕಾಣುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಪ್ರತಿ ಗುರುತನ್ನೂ ಬೇರೆಬೇರೆಯಾಗಿ ತೆಗೆಯಿರಿ.
2. ಕುದುರೆ ಕೂರುವ ಲಾಕ್ ತಗಡು, ನಳಿಗೆಯ ಮೇಲ್ಭಾಗ ಮತ್ತು ಬುಡ, ಗಜ ಕೂರುವ ಕಾಲುವೆ, ಹೆಗಲಿಗೆ ಒತ್ತುವ ಹಿತ್ತಾಳೆ ತಗಡು, ಇಷ್ಟನ್ನೂ ನೋಡಿ. ನಳಿಗೆಯ ಅಡಿ ಮತ್ತು ಲಾಕಿನ ಒಳಮೈಯಲ್ಲೂ ಗುರುತು ಇರುತ್ತದೆ. ಅವನ್ನು ಬಿಚ್ಚಿ ನೋಡುವ ಕೆಲಸ ಬಲ್ಲವರಿಗೆ ಬಿಡಿ.
3. ಕಂಡದ್ದನ್ನು ಕಂಡಂತೆಯೇ ಬರೆದುಕೊಳ್ಳಿ. ಅರ್ಧ ಅಳಿಸಿದ ಅಕ್ಷರವನ್ನು ಊಹಿಸಿ ತುಂಬಬೇಡಿ. ಅಲ್ಲಿ ಚುಕ್ಕಿ ಇಡಿ.
4. ಲಾಕ್ ತಗಡಿನಲ್ಲಿ ಮುಚ್ಚಿದ ತೂತುಗಳಿವೆಯೇ ನೋಡಿ. ಇದ್ದರೆ ಅದು ಮೊದಲು ಚಕಮಕಿ ಕಲ್ಲಿನ ಬಂದೂಕಾಗಿದ್ದು, ಆಮೇಲೆ ಕೇಪಿಗೆ ಬದಲಾಗಿರಬಹುದು. ಬಡಿತದಿಂದ ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಪೇಟೆಂಟ್ ಪಡೆದದ್ದು 1807ರಲ್ಲಿ. ತಾಮ್ರದ ಕೇಪು ಬಳಕೆಗೆ ಬಂದದ್ದು ಅದಾದ ಮೇಲೆ. ಹೀಗಾಗಿ ಬಂದೂಕನ್ನು ಮಾಡಿದವರೂ ಕೇಪಿಗೆ ಬದಲಿಸಿದವರೂ ಬೇರೆಬೇರೆ ಇರಬಹುದು.
5. ಇಸವಿ ಯಾವ ಲೆಕ್ಕದ್ದೆಂದು ಮೊದಲು ನಿರ್ಧರಿಸಿ. ನಮ್ಮದು ನಿಜಾಮರ ಸೀಮೆ. ಇಲ್ಲಿ ಹಿಜರಿಯೂ ನಡೆಯಿತು, ಫಸಲಿಯೂ ನಡೆಯಿತು. 1267 ಎಂದು ಕೊರೆದಿದ್ದರೆ ಹಿಜರಿಯಲ್ಲಿ ಅದು 1850-51, ದಖನ್ನಿನ ಫಸಲಿಯಲ್ಲಿ 1857-58. ನಡುವೆ ಏಳು ವರ್ಷದ ಅಂತರ, ಅದೂ ಒಂದು 1857ರ ದಂಗೆಗೆ ಮುಂಚಿನದು, ಇನ್ನೊಂದು ದಂಗೆಯ ಕಾಲದ್ದು. ಪಾರಸಿ, ಉರ್ದು, ಮೋಡಿ ಬರಹವಿದ್ದರೆ ಓದಬಲ್ಲ ಹಿರಿಯರಿಗೆ ಫೋಟೊ ತೋರಿಸಿ.

ಮಾಡಬಾರದ್ದು

1. ‘ಟವರ್’ ಎಂಬುದನ್ನು ಕಂಪನಿಯ ಹೆಸರೆಂದು ಬರೆಯಬಾರದು. ಅದು ಲಂಡನ್ನಿನ ಟವರ್ ಕೋಟೆಯ ಶಸ್ತ್ರಾಗಾರದ ಗುರುತು. ಭಾಗಗಳನ್ನು ಮಾಡಿದವರು ಬಹುಮಟ್ಟಿಗೆ ಬರ್ಮಿಂಗ್‌ಹ್ಯಾಮಿನ ಬೇರೆಬೇರೆ ಕಸುಬುದಾರರು. ಅವರ ಹೆಸರು ಕಣ್ಣಿಗೆ ಬೀಳದ ಜಾಗದಲ್ಲಿ ಸಣ್ಣಕ್ಷರದಲ್ಲಿರುತ್ತದೆ.
2. ಕಿರೀಟ ಮತ್ತು ‘ವಿ ಆರ್’ ಅಕ್ಷರ ನೋಡಿ ರಾಣಿಯ ಸ್ವಂತ ಬಂದೂಕು ಎನ್ನಬಾರದು. ಅದು 1837ರಿಂದ 1901ರವರೆಗಿನ ವಿಕ್ಟೋರಿಯಾ ಆಳ್ವಿಕೆಯ ಸರಕಾರಿ ಮುದ್ರೆ. ಹಿಂಗಾಲಲ್ಲಿ ನಿಂತು ಕಿರೀಟ ಹಿಡಿದ ಸಿಂಹ ಈಸ್ಟ್ ಇಂಡಿಯಾ ಕಂಪನಿಯ ಒಡೆತನದ ಗುರುತು. ಎರಡೂ ತಯಾರಕರ ಹೆಸರಲ್ಲ.
3. ಪರೀಕ್ಷೆಯ ಮುದ್ರೆಯನ್ನು ತಯಾರಕರ ಮುದ್ರೆ ಎಂದು ತಿಳಿಯಬಾರದು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಲ್ಲಿ ಶುರುವಾಯಿತು. ಕಿರೀಟದಡಿ ಅಡ್ಡಡ್ಡ ಇಟ್ಟ ರಾಜದಂಡಗಳು ಅದರ ಗುರುತು. ಮೊಟ್ಟೆಯಾಕಾರದೊಳಗೆ ‘ಇ ಎಲ್ ಜಿ’ ಇದ್ದರೆ ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದ ಪರೀಕ್ಷೆ. ಈ ಮುದ್ರೆಗಳು ಊರು ಹೇಳುತ್ತವೆ, ಕಾಲ ಹೇಳುತ್ತವೆ, ಕಸುಬುದಾರನ ಹೆಸರು ಹೇಳುವುದಿಲ್ಲ.
4. ಮದರಾಸಿನ ಪಿ. ಓರ್ ಅಂಡ್ ಸನ್ಸ್, ಕಲಕತ್ತೆಯ ರೋಡ್ಡಾ ಇಂಥ ಹೆಸರು ಕಂಡ ಕೂಡಲೇ ತಯಾರಕರು ಸಿಕ್ಕರು ಎನ್ನಬಾರದು. ವಿಲಾಯತಿಯಿಂದ ತರಿಸಿದ ಬಂದೂಕಿನ ಮೇಲೆ ಅಂಗಡಿಯ ಹೆಸರು ಕೊರೆಸಿ ಮಾರುವುದು ಆ ಕಾಲದ ರೂಢಿ.
5. ಪರವಾನಗಿಗಾಗಿ ಆಮೇಲೆ ಕೊರೆದ ಸಂಖ್ಯೆಯನ್ನು ಕಾರ್ಖಾನೆಯ ಸಂಖ್ಯೆ ಎನ್ನಬಾರದು.
6. ಮನೆಮಾತನ್ನು ಗುರುತಿನೊಂದಿಗೆ ಬೆರೆಸಬಾರದು. “1858ರಲ್ಲಿ ಸುರಪುರದ ವೆಂಕಟಪ್ಪ ನಾಯಕರ ಪಡೆಯಲ್ಲಿದ್ದ ಬಂದೂಕು” ಎಂದು ಅಜ್ಜಿ ಹೇಳಿದ್ದರೆ ಅದನ್ನೂ ಬರೆದಿಡಿ, ಆದರೆ ಬೇರೆ ಹಾಳೆಯಲ್ಲಿ, ಹೇಳಿದವರ ಹೆಸರಿನೊಂದಿಗೆ.

ನಾಲ್ಕು: “ಅಮೆರಿಕದ ರೈಫಲ್” ಎನ್ನುವ ಮೊದಲು

1853ರ ಮಾದರಿಯ ಎನ್‌ಫೀಲ್ಡ್ ಬ್ರಿಟನ್ನಿನದು. 1861-65ರ ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಪಕ್ಷದವರು ಅದನ್ನು ಹೇರಳವಾಗಿ ತರಿಸಿಕೊಂಡರು. ಹೀಗಾಗಿ ಅಮೆರಿಕದ ಚಿತ್ರ, ಸಿನೆಮಾಗಳಲ್ಲಿ ಅದು ಕಾಣುತ್ತದೆ, ನಮ್ಮ ಮನೆಯದೂ ಅಲ್ಲಿಯದೇ ಎನಿಸುತ್ತದೆ.

ಮಾಡಬೇಕಾದ್ದು

1. ಹದ್ದಿನ ಚಿತ್ರ, ‘ಯು ಎಸ್’ ಅಕ್ಷರ, ಸ್ಪ್ರಿಂಗ್‌ಫೀಲ್ಡ್ ಅಥವಾ ಹಾರ್ಪರ್ಸ್ ಫೆರಿ ಎಂಬ ಊರ ಹೆಸರು ಇದೆಯೇ ನೋಡಿ. ಅಮೆರಿಕದ ಸರಕಾರಿ ಕಾರ್ಖಾನೆಗಳ ಗುರುತು ಇವು.
2. ಬೇಟೆಯ ರೈಫಲ್ ಆಗಿದ್ದರೆ ಎಂಟು ಮೂಲೆಯ ನಳಿಗೆಯ ಮೇಲಿನ ಪಟ್ಟಿ ನೋಡಿ. ಅಮೆರಿಕದ ಕಸುಬುದಾರರು ಹೆಸರು ಹಾಕುತ್ತಿದ್ದುದು ಸಾಮಾನ್ಯವಾಗಿ ಅಲ್ಲಿ. ಸೇಂಟ್ ಲೂಯಿಯ ಹಾಕೆನ್ ಸೋದರರ ಹೆಸರು ಸಿಗುವುದೂ ಅಲ್ಲಿಯೇ.

ಮಾಡಬಾರದ್ದು

1. ಲಾಕ್ ತಗಡಿನ ಹೆಸರೊಂದನ್ನೇ ನಂಬಬಾರದು. ಅಮೆರಿಕದ ಊರೂರಿನ ಕಸುಬುದಾರರು ಲಾಕನ್ನು ಕೊಂಡು ತಂದು ಜೋಡಿಸುತ್ತಿದ್ದರು. ಗೌಲ್ಚರ್ ಹೆಸರಿನ ಲಾಕ್ ಎಷ್ಟೋ ಬೇರೆಯವರ ಬಂದೂಕುಗಳಲ್ಲಿದೆ. ರೆಮಿಂಗ್ಟನ್ ಮುದ್ರೆಯ ನಳಿಗೆಯ ಮಾತೂ ಅಷ್ಟೇ. ಅವರು ನಳಿಗೆಗಳನ್ನು ಬಿಡಿಯಾಗಿಯೂ ಮಾರುತ್ತಿದ್ದರು.
2. ನಳಿಗೆಯ ಅಳತೆ ನೋಡಿ ದೇಶ ಹೇಳಬಾರದು. ಎನ್‌ಫೀಲ್ಡಿನದು 0.577 ಅಂಗುಲ, 1861ರ ಸ್ಪ್ರಿಂಗ್‌ಫೀಲ್ಡಿನದು 0.58. ಸವೆದ ನಳಿಗೆಯಲ್ಲಿ ಆ ವ್ಯತ್ಯಾಸ ಉಳಿಯುವುದಿಲ್ಲ.

ಐದು: ಖಂಡೇನವಮಿಯ ದಿನ

ಮಾಡಬೇಕಾದ್ದು: ಪೂಜೆ ಮಾಡಿ. ಕುಂಕುಮ, ಅರಿಷಿಣ, ಹೂವನ್ನು ಕೆಳಗೆ ಹಾಸಿದ ಬಟ್ಟೆಗೆ ಏರಿಸಿ. ದೀಪ ದೂರದಲ್ಲಿರಲಿ. ಮುಗಿದ ಮೇಲೆ ಒಣ ಹತ್ತಿಬಟ್ಟೆಯಿಂದ ಮೃದುವಾಗಿ ಒರೆಸಿ.

ಮಾಡಬಾರದ್ದು: ಹುಣಸೆಹಣ್ಣು, ಬೂದಿ, ನಿಂಬೆರಸ, ಉಪ್ಪುಕಾಗದ, ತಂತಿ ಬ್ರಷ್ಷು ಇವು ಯಾವುವೂ ಬಂದೂಕನ್ನು ಮುಟ್ಟಬಾರದು. ಹಿತ್ತಾಳೆ ಫಳಫಳ ಹೊಳೆದರೆ ಮನೆಗೆ ಶೋಭೆ ಎನಿಸಬಹುದು. ಆದರೆ ವರ್ಷವರ್ಷ ಉಜ್ಜಿದ ತಗಡಿನಿಂದ ಮೊದಲು ಹೋಗುವುದು ಹೆಸರು. ಕಟ್ಟಿಗೆಗೆ ವಾರ್ನಿಷ್ ಬಳಿಯಬಾರದು. ಸಡಿಲಾದ ಸ್ಕ್ರೂ ಬದಲಿಗೆ ಹೊಸದನ್ನು ಹಾಕಬಾರದು.

ಆರು: ಮಾರಾಟ, ರವಾನೆ

ಮಾಡಬೇಕಾದ್ದು: ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಮನೆಯ ಎಲ್ಲರಿಗೂ ತಿಳಿಸಿ.

ಮಾಡಬಾರದ್ದು: ವಿದೇಶದಲ್ಲಿರುವ ಮಗ, ಅಳಿಯ ನೆನಪಿಗೆಂದು ಕೇಳಿದರೂ ಒಯ್ಯಲು ಕೊಡಬಾರದು. ಅಕ್ರಮ ಸಾಗಣೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆಯಿದೆ. ಮನೆ ಬಾಗಿಲಿಗೆ ಬಂದು ಹಳೆಯ ಸಾಮಾನು ಕೇಳುವವರಿಗೆ ತೋರಿಸಲೂಬಾರದು. ವಿಳಾಸದೊಂದಿಗೆ ಫೋಟೊ ಹಂಚಬಾರದು.

ಏಳು: ಯಾರಿಗೆ ತೋರಿಸಬೇಕು

ಫೋಟೊ ಮತ್ತು ಬರೆದ ಹಾಳೆಗಳನ್ನು ಕಲಬುರಗಿಯ ಸರಕಾರಿ ವಸ್ತುಸಂಗ್ರಹಾಲಯಕ್ಕೋ ಗುಲಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತೋರಿಸಿ ಕೇಳಿ. ಬಂದೂಕನ್ನೇ ಹೆಗಲಿಗೇರಿಸಿಕೊಂಡು ಬಸ್ಸಿನಲ್ಲಿ ಹೋಗಬಾರದು. ಅದನ್ನು ಸಾಗಿಸುವುದಕ್ಕೂ ಅನುಮತಿ ಬೇಕು. ಒಬ್ಬರ ಮಾತಿಗೇ ನಿಲ್ಲಬೇಡಿ. ಲಾಕ್, ನಳಿಗೆ, ಕಟ್ಟಿಗೆ ಮೂರರ ಸಾಕ್ಷ್ಯವೂ ಒಂದೇ ಕಡೆ ಬೆರಳು ತೋರಿದಾಗ ಮಾತ್ರ ತಯಾರಕರ ಹೆಸರು ಬರೆಯಿರಿ.

ತೋರದಿದ್ದರೆ “ತಯಾರಕರು ಗೊತ್ತಿಲ್ಲ” ಎಂದೇ ಬರೆದು, ಕಂಡ ಗುರುತುಗಳನ್ನೆಲ್ಲ ಅದರಡಿ ಪಟ್ಟಿ ಮಾಡಿ, ತಾರೀಖು ಹಾಕಿ ಇಡಿ. ಖಾಲಿ ಬಿಟ್ಟ ಜಾಗವನ್ನು ನಾಳೆ ಬಲ್ಲವರೊಬ್ಬರು ತುಂಬಬಲ್ಲರು. ತಪ್ಪು ಹೆಸರು ಬರೆದಿಟ್ಟರೆ ಮುಂದಿನವರು ಹುಡುಕುವುದನ್ನೇ ಬಿಟ್ಟುಬಿಡುತ್ತಾರೆ.